ಗುದ್ದಲಿಯಿಲ್ಲದ ಲಾಂಛನ: ದಖ್ಖನ್ನಿನ ಸೇನಾ ಎಂಜಿನಿಯರುಗಳ ಗುರುತುಗಳು

ಹೈದರಾಬಾದಿನ ಬೇಗಂ ಬಜಾರಿನಲ್ಲಿ ಫೀಲ್‌ಖಾನಾ ಎಂಬ ಮೊಹಲ್ಲಾ ಇದೆ. ಹಿಂದೆ ಅಲ್ಲಿ ಆನೆಗಳ ಲಾಯವಿತ್ತೆಂದು ಹೆಸರೇ ಹೇಳುತ್ತದೆ. ಎರಡನೆಯ ಅಸಫ್ ಜಾ ನಿಜಾಮ್ ಅಲಿ ಖಾನರ ಬೇಗಂ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಬೆಳೆದ ಪೇಟೆ ಇದು. ಬೀದರ್, ಕಲಬುರಗಿ, ರಾಯಚೂರು ಕಡೆಯ ಅಂಗಡಿಕಾರರಿಗೂ ಮದುವೆಗೆ ಪಾತ್ರೆ ಕೊಳ್ಳುವವರಿಗೂ ಇಂದಿಗೂ ಸಗಟು ವ್ಯಾಪಾರದ ಊರು. ಇಲ್ಲಿಂದ ಅಫ್ಜಲ್‌ಗಂಜ್ ಹಾದು ಕೋಠಿ ಕಡೆಗೆ ನಡೆದರೆ ಹಳೆಯ ಬ್ರಿಟಿಷ್ ರೆಸಿಡೆನ್ಸಿ ಸಿಗುತ್ತದೆ. ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 1803ರಲ್ಲಿ ಆರಂಭಿಸಿದ ಕಟ್ಟಡ. ಹಣ ನಿಜಾಮರದು, ನಕ್ಷೆ ಮದರಾಸು ಎಂಜಿನಿಯರ್ ದಳದ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ರಸೆಲ್‌ದು. ದೊಡ್ಡ ಕಂಬಗಳು, ಮೆಟ್ಟಿಲ ಇಕ್ಕೆಲಗಳಲ್ಲಿ ಸಿಂಹಗಳು, ಮೇಲಿನ ತ್ರಿಕೋನ ಮುಖದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಲಾಂಛನ. 1857ರ ಜುಲೈ 17ರಂದು ಬೇಗಂ ಬಜಾರಿನ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ತಮ್ಮ ಜನರನ್ನು ಕಟ್ಟಿಕೊಂಡು ದಾಳಿ ಮಾಡಿದ್ದು ಇದೇ ಕಟ್ಟಡದ ಮೇಲೆ. ಒಬ್ಬ ಸೇನಾ ಎಂಜಿನಿಯರ್ ಕಟ್ಟಿಸಿದ ಮನೆ, ಅದರ ನೆತ್ತಿಯ ಮೇಲೆ ಅವನ ಧಣಿಯ ಗುರುತು, ಅದರ ಮುಂದೆ ಆ ಗುರುತನ್ನು ಒಪ್ಪದ ಊರ ಜನ. ದಖ್ಖನ್ನಿನಲ್ಲಿ ಸೇನಾ ಎಂಜಿನಿಯರುಗಳ ಲಾಂಛನಗಳ ಕಥೆಯಲ್ಲಿ ಬರುವ ಮೂರು ಪಾತ್ರಗಳೂ ಇಲ್ಲಿ ಎದುರುಬದುರಾಗಿ ನಿಂತಿವೆ.

ಈ ಲಾಂಛನಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಬರೆದಾಗಲೂ ಸಿಂಹ ಎಂದರೆ ಶೌರ್ಯ, ಆನೆ ಎಂದರೆ ಬಲ ಎಂದು ಅರ್ಥ ಹಚ್ಚಿ ಮುಗಿಸಿಬಿಡುವುದುಂಟು. ಲಾಂಛನವನ್ನು ಹಾಗೆ ಓದಿದರೆ ಅದರ ಅರ್ಧ ಕೂಡ ಸಿಗುವುದಿಲ್ಲ. ಅದನ್ನು ಯಾರು ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು, ಪಡೆದವರ ನಿಜವಾದ ಕಸುಬು ಅದರಲ್ಲಿ ಎಲ್ಲಿದೆ ಎಂದು ಕೇಳಬೇಕು. ದಾರಿ ಕಡಿಯುವ, ಸೇತುವೆ ಹಾಕುವ, ಕೋಟೆಗೋಡೆಯ ಬುಡದಲ್ಲಿ ಸುರಂಗ ತೋಡುವ ದಳದ ಮಟ್ಟಿಗೆ ಈ ಮೂರನೆಯ ಪ್ರಶ್ನೆಯೇ ಮುಖ್ಯ. ಏಕೆಂದರೆ ಇಂಥದೇ ದಳವಾದ ಮದರಾಸು ಸ್ಯಾಪರ್‌ಗಳಿಗೆ ನೂರೈವತ್ತು ವರ್ಷಗಳಲ್ಲಿ ಗೌರವವಾಗಿ ದೊರೆತ ಚಿತ್ರಗಳಲ್ಲಿ ಆನೆ ಇದೆ, ಸ್ಫಿಂಕ್ಸ್ ಇದೆ, ಡ್ರ್ಯಾಗನ್ ಇದೆ, ರಾಣಿಯ ಹೆಸರಿನ ಅಕ್ಷರಗಳಿವೆ, ಗುದ್ದಲಿ ಇಲ್ಲ.

ನಮ್ಮ ನೆಲಕ್ಕೆ ಲಾಂಛನ ಹೊಸದಲ್ಲ. ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ, ಕಲಚುರಿಗಳ ಧ್ವಜದಲ್ಲಿ ವೃಷಭ, ಮೈಸೂರಿನ ಒಡೆಯರದು ಗಂಡಭೇರುಂಡ. ಇದರ ಜೊತೆಗೆ ಬಿರುದಾವಳಿ. ತಲಕಾಡನ್ನು ಚೋಳರಿಂದ ಕಿತ್ತುಕೊಂಡ ವಿಷ್ಣುವರ್ಧನ ‘ತಲಕಾಡುಗೊಂಡ’ನಾದ, ಆಮೇಲೆ ಗೆದ್ದ ಸೀಮೆಗಳ ಹೆಸರೆಲ್ಲ ಶಾಸನದಲ್ಲಿ ಅದರ ಬೆನ್ನಿಗೆ ಸೇರುತ್ತ ಹೋದವು. ಗೆದ್ದ ಊರಿನ ಹೆಸರನ್ನೇ ಗೌರವವಾಗಿ ಧರಿಸುವ ಈ ಪದ್ಧತಿಯನ್ನು ಬಲ್ಲವರಿಗೆ ಬ್ರಿಟಿಷರ ಕಾಲದ ರಣಗೌರವಗಳ ಪಟ್ಟಿ ಅಪರಿಚಿತ ಅನ್ನಿಸುವುದಿಲ್ಲ. ವ್ಯತ್ಯಾಸವೊಂದಿದೆ. ಬಿರುದು ಅರಸನದು, ಅವನ ಹೆಸರಿಗೇ ಅಂಟಿಕೊಳ್ಳುವಂಥದ್ದು. ದಂಡಿನ ಮುಂದೆ ದಾರಿ ಸರಿಪಡಿಸುತ್ತ ನಡೆದವರಿಗೆ, ಮೊಘಲ್ ಮತ್ತು ದಖ್ಖನಿ ಸೈನ್ಯಗಳಲ್ಲಿ ಬೇಲ್ದಾರರೆಂದು ಕರೆಸಿಕೊಂಡವರಿಗೆ, ಬಿರುದೂ ಇರಲಿಲ್ಲ, ಬಾವುಟವೂ ಇರಲಿಲ್ಲ. ಹೆಗಲ ಮೇಲಿನ ಸಲಿಕೆಯೇ ಅವರ ಗುರುತು.

ಹೈದರಾಬಾದಿನ ಅಸಫ್ ಜಾಹಿ ಬಾವುಟದ ಮೇಲಿದ್ದದ್ದು ಆಯುಧವಲ್ಲ, ಪ್ರಾಣಿಯೂ ಅಲ್ಲ. ಹಳದಿ ಬಟ್ಟೆಯ ನಡುವೆ ದುಂಡನೆಯ ಕುಲ್ಚಾ. ಸೂಫಿ ಸಂತ ನಿಜಾಮುದ್ದೀನ್ ಔರಂಗಾಬಾದಿ ಮೊದಲ ನಿಜಾಮನಿಗೆ ಹಳದಿ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಕುಲ್ಚಾಗಳಲ್ಲಿ ಆತ ಏಳನ್ನು ತಿಂದನೆಂದೂ, ಏಳು ತಲೆಮಾರು ಆಳುವೆ ಎಂದು ಸಂತರು ಹರಸಿದರೆಂದೂ ಊರಿನ ನಂಬಿಕೆ. ಕಥೆಯ ಸತ್ಯಾಸತ್ಯ ಏನೇ ಇರಲಿ, ರೊಟ್ಟಿಯನ್ನು ರಾಜ್ಯದ ಲಾಂಛನ ಮಾಡಿಕೊಂಡ ಮನೆತನ ಜಗತ್ತಿನಲ್ಲೇ ಅಪರೂಪ. ಆ ರಾಜ್ಯದ ಸೈನ್ಯದೊಳಗೇ ಹದಿನೆಂಟನೆಯ ಶತಮಾನದ ಕೊನೆಗೆ ಇನ್ನೊಂದು ದೇಶದ ಗುರುತು ಬಂದು ಕುಳಿತಿತು. ನಿಜಾಮರ ಚಾಕರಿಗೆ 1786ರಲ್ಲಿ ಸೇರಿದ ಫ್ರೆಂಚ್ ಅಧಿಕಾರಿ ಮಿಷೆಲ್ ರೇಮಂಡ್ ಅದೇ ವರ್ಷ ಫತೇ ಮೈದಾನದ ಬಳಿ ತೋಪು ಎರಕದ ಕಾರ್ಖಾನೆ ಕಟ್ಟಿಸಿದ. ತೋಪ್ ಕಾ ಸಾಂಚಾ ಎಂದು ಜನ ಕರೆದ, ಇಂದು ಗನ್‌ಫೌಂಡ್ರಿ ಎಂಬ ಹೆಸರಿನ ಬಡಾವಣೆ ಅದರಿಂದಲೇ ಬಂದದ್ದು. ಸುಮಾರು 14,000 ಜನರಿಗೆ ಬೆಳೆದ ಅವನ ಪಡೆ ಹಿಡಿದದ್ದು ಫ್ರೆಂಚ್ ಗಣರಾಜ್ಯದ ಬಾವುಟ. ಸೈನಿಕರ ಗುಂಡಿಗಳ ಮೇಲೆ ಕೆತ್ತಿದ್ದು ಕ್ರಾಂತಿಯ ಸ್ವಾತಂತ್ರ್ಯದ ಟೋಪಿ. ಕಂಪೆನಿಯವರಿಗೆ ಆ ಗುಂಡಿಗಳು ನುಂಗಲಾರದ ತುತ್ತಾದವು. ರೇಮಂಡ್ 1798ರ ಮಾರ್ಚಿನಲ್ಲಿ ತೀರಿಕೊಂಡ. ಅಕ್ಟೋಬರ್ 22ರಂದು ಕರ್ಕ್‌ಪ್ಯಾಟ್ರಿಕ್ ಆ ಪಡೆಯನ್ನು ಸುತ್ತುವರಿದು, ರಕ್ತ ಹರಿಸದೆ ನಿಶ್ಶಸ್ತ್ರಗೊಳಿಸಿದ. ಚಿಕ್ಕ ಹಿತ್ತಾಳೆ ಗುಂಡಿಯೊಂದು ರಾಜತಾಂತ್ರಿಕ ಪತ್ರಗಳಲ್ಲಿ ದೂರಿನ ವಿಷಯವಾಗಬಲ್ಲದು ಎಂಬುದನ್ನು ಹೈದರಾಬಾದ್ ಅಷ್ಟು ಮುಂಚೆಯೇ ಕಂಡಿತ್ತು.

ಆ ಪಡೆ ಕರಗಿದ ಮೇಲೆ ದಖ್ಖನ್ನಿನ ಸೇನಾ ಎಂಜಿನಿಯರಿಂಗ್ ಬಹುಮಟ್ಟಿಗೆ ಮದರಾಸಿನವರ ಕೈಗೆ ಬಂತು. ಇವರ ಮೂಲ 1780ರ ಸೆಪ್ಟೆಂಬರ್ 30ರಂದು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಟ್ಟಿದ ಎರಡು ಪಯೋನಿಯರ್ ಕಂಪೆನಿಗಳು. ಅವನ್ನು ಕಟ್ಟಿದ ಕಾರಣ ನಮ್ಮದೇ: ಹೈದರ್ ಅಲಿ ಕರ್ನಾಟಿಕ್ ಬಯಲಿಗೆ ಇಳಿದಿದ್ದ. ಹುಟ್ಟಿದ ಮರುವರ್ಷವೇ ಅವರು ಶೋಲಿಂಗೂರಿನಲ್ಲಿ ಹೈದರನ ಎದುರು ಇದ್ದರು. ಮುಂದೆ ಕಾರ್ನ್‌ವಾಲಿಸ್ ಜೊತೆ ಮೈಸೂರಿನ ಮೇಲೆ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ. ಕಾವೇರಿಯ ಆಚೆ ತೋಡಿದ ಕಂದಕಗಳು, ಎಬ್ಬಿಸಿದ ಮಣ್ಣಿನ ದಿಬ್ಬಗಳು, ತೋಪು ಕೂರಿಸಿದ ಜಾಗಗಳು, ಇವೆಲ್ಲ ಪಯೋನಿಯರರ ಕೈಕೆಲಸ. ಹೀಗೆ ಇಂದು ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ನೆಲೆಸಿರುವ, ಕರ್ನಾಟಕದ ಹುಡುಗರನ್ನೂ ಸೇರಿಸಿಕೊಂಡು ದಕ್ಷಿಣದ ಎಲ್ಲ ರಾಜ್ಯಗಳಿಂದ ಜನ ತೆಗೆದುಕೊಳ್ಳುವ ದಳದ ರಣಗೌರವಗಳ ಪಟ್ಟಿ ‘ಕರ್ನಾಟಿಕ್’, ‘ಶೋಲಿಂಗೂರ್’, ‘ಮೈಸೂರು’, ‘ಸೆರಿಂಗಪಟಂ’ ಎಂದು ತೊಡಗುತ್ತದೆ. ಇವುಗಳಲ್ಲಿ ಕೆಲವನ್ನು ಮಂಜೂರು ಮಾಡಿದ್ದು ಯುದ್ಧ ಮುಗಿದು ಸುಮಾರು ಒಂದು ಶತಮಾನ ಕಳೆದ ಮೇಲೆ, 1889ರಲ್ಲಿ. ಅಂದರೆ ಇದು ರಣರಂಗದಲ್ಲಿ ಬೆನ್ನು ತಟ್ಟಿದ ಗೌರವವಲ್ಲ, ಸಾಮ್ರಾಜ್ಯ ತನ್ನ ಚರಿತ್ರೆಯನ್ನು ಕುಳಿತು ಬರೆದುಕೊಳ್ಳುವಾಗ ತುಂಬಿದ ಸಾಲು.

ಶ್ರೀರಂಗಪಟ್ಟಣದ ಗೆಲುವಿಗೆ ಕಂಪೆನಿ ಒಂದು ಪದಕವನ್ನೂ ಹೊಡೆಸಿತು. ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಕೂಕ್ಲರ್ ಎಂಬ ಕಲಾವಿದ ಅಚ್ಚು ಕೆತ್ತಿದ. ಸಿಂಹವೊಂದು ಹುಲಿಯನ್ನು ನೆಲಕ್ಕೆ ಒತ್ತಿ ಹಿಡಿದಿರುವ ಚಿತ್ರ. ಮೇಲೆ ಹಾರುವ ಪಟ್ಟಿಯಲ್ಲಿ ಅರಬ್ಬಿ ಅಕ್ಷರಗಳಲ್ಲಿ ‘ಅಸದುಲ್ಲಾ ಅಲ್ ಗಾಲಿಬ್’, ದೇವರ ಸಿಂಹವೇ ಗೆಲ್ಲುವುದು ಎಂದು. ಹುಲಿ ಯಾರದೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಆದರೆ ಆ ಅರಬ್ಬಿ ವಾಕ್ಯವೂ ಟಿಪ್ಪುವಿನದೇ. ತನ್ನ ಬಾವುಟಗಳ ಮೇಲೆ, ಆಯುಧಗಳ ಮೇಲೆ ಆತ ಅದೇ ಮಾತನ್ನು ಹುಲಿಮುಖದ ಆಕಾರದಲ್ಲಿ ಬರೆಸಿದ್ದ. ಸೋತವನ ಸಿಂಹಾಸನ, ಖಜಾನೆಗಳ ಜೊತೆಗೆ ಅವನ ಮಂತ್ರವಾಕ್ಯವನ್ನೂ ಕಿತ್ತು ಗೆದ್ದವನ ಬಾವುಟಕ್ಕೆ ಹೊಲಿದ ಈ ಪದಕ, ನನ್ನ ದೃಷ್ಟಿಯಲ್ಲಿ, ಆ ಕಾಲದ ಲಾಂಛನ ರಾಜಕಾರಣದ ಅತ್ಯಂತ ಕಠೋರವಾದ ಮಾದರಿ. ಶ್ರೀರಂಗಪಟ್ಟಣ ನೋಡಲು ಹೋಗುವ ನಮ್ಮ ಶಾಲಾ ಮಕ್ಕಳಿಗೆ ಇದರ ಚಿತ್ರವನ್ನೊಮ್ಮೆ ತೋರಿಸಬೇಕು. ಮುತ್ತಿಗೆ ಎಂದರೇನೆಂಬುದು ಗೋಡೆಯ ಬಿರುಕಿಗಿಂತ ಈ ಬೆಳ್ಳಿಬಿಲ್ಲೆಯಲ್ಲಿ ಹೆಚ್ಚು ಸ್ಪಷ್ಟವಾಗಿದೆ.

ಸ್ಫಿಂಕ್ಸ್ ಬಂದದ್ದು 1801ರ ಈಜಿಪ್ಟ್ ದಂಡಯಾತ್ರೆಯಿಂದ. ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಸಿದ್ದ ಡೇವಿಡ್ ಬೇರ್ಡ್ ಭಾರತದಿಂದ ಪಡೆ ಕರೆದೊಯ್ದು, ಕೆಂಪು ಸಮುದ್ರದ ಕೊಸೈರ್‌ನಲ್ಲಿ ಇಳಿದು, ಮರುಭೂಮಿ ದಾಟಿ ನೈಲ್ ನದಿಯ ದಡ ಸೇರಿದ. ಮದರಾಸಿನ ಪಯೋನಿಯರರು ಅವನ ಜೊತೆಗಿದ್ದರು. ಅವರು ತಲುಪುವ ಹೊತ್ತಿಗೆ ಫ್ರೆಂಚರೊಂದಿಗಿನ ಹೋರಾಟ ಬಹುತೇಕ ಮುಗಿದಿತ್ತು. ಆದ್ದರಿಂದ ಸ್ಫಿಂಕ್ಸ್ ಕಾದಾಟದ ಚಿಹ್ನೆಯಲ್ಲ, ನಡಿಗೆಯ ಚಿಹ್ನೆ. ಸಾವಿರಾರು ಜನರನ್ನು ಮರಳುಗಾಡಿನಲ್ಲಿ ದಾಟಿಸುವಾಗ ನೀರು ಮತ್ತು ದಾರಿಯೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅವು ಎರಡೂ ಈ ದಳದ ಕಸುಬು. ಇವರಿಗೆ ದೊರೆತ ಪ್ರಾಣಿರೂಪಗಳಲ್ಲೆಲ್ಲ ಇವರ ನಿಜವಾದ ಕೆಲಸಕ್ಕೆ ಹತ್ತಿರವಾದದ್ದು ಈ ಸ್ಫಿಂಕ್ಸ್ ಎಂದು ನನಗೆ ಅನ್ನಿಸುತ್ತದೆ, ರೂಪದಲ್ಲಿ ಅದು ಎಷ್ಟೇ ದೂರದ್ದಾಗಿರಲಿ.

ಆನೆ 1803ರ ಸೆಪ್ಟೆಂಬರ್ 23ರ ಅಸ್ಸಾಯೆ ಕದನದ್ದು. ಊರು ಇಂದಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿದೆ. ಆರ್ಥರ್ ವೆಲ್ಲೆಸ್ಲಿ ಆ ವರ್ಷದ ಮಾರ್ಚಿನಲ್ಲಿ ನಮ್ಮ ಹರಿಹರದಿಂದ ಹೊರಟಿದ್ದ. ಮಳೆಗಾಲದ ನದಿಗಳನ್ನು ದಾಟಲು ಅವನು ನಂಬಿದ್ದು ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲನ್ನು. ತೋಪು ಎಳೆಯಲು ನಂಬಿದ್ದು ಮೈಸೂರಿನ ಅಮೃತಮಹಲ್ ಎತ್ತುಗಳನ್ನು. ಮೈಸೂರು ಸೀಮೆಯಲ್ಲಿ ಕಲಿತ ಈ ಎರಡು ಪಾಠಗಳಿಲ್ಲದೆ ಅವನ ಪಡೆ ಮಳೆಗಾಲದಲ್ಲಿ ಅಷ್ಟು ವೇಗವಾಗಿ ಸರಿದಾಡಲಾಗುತ್ತಿರಲಿಲ್ಲ. ಗೆಲುವಿನ ನಂತರ ಗವರ್ನರ್ ಜನರಲ್ ಕೊಡಿಸಿದ ಗೌರವದ ಚಿಹ್ನೆಯಲ್ಲಿ ಎತ್ತೂ ಇಲ್ಲ, ಹರಿಗೋಲೂ ಇಲ್ಲ. ಆನೆ ಇದೆ, ಅದರ ಜೊತೆ ಊರಿನ ಹೆಸರು. ಹಿಂದೂಸ್ತಾನ ಎಂದರೆ ಆನೆ ಎಂದು ಆಗಿನ ಯುರೋಪು ಬಗೆದಿದ್ದ ರೀತಿ ಅದು. ಅದೇ ಆನೆ ಬೇರೆ ದಾರಿಯಿಂದ ಬಂದು ಇಂದಿಗೂ ಮದ್ರಾಸ್ ರೆಜಿಮೆಂಟಿನ ಟೋಪಿಯ ಮೇಲಿದೆ. ಕಾಲಾಳುಗಳಿಗೂ ಪಯೋನಿಯರರಿಗೂ ಒಂದೇ ಆನೆ ದೊರೆತದ್ದರಲ್ಲಿ ಒಂದು ನ್ಯಾಯವಿದೆ: ಅಂದು ಇಬ್ಬರೂ ಒಂದೇ ಗುಂಡಿನ ಮಳೆಯಡಿ ನಿಂತಿದ್ದರು. ಆದರೆ ಇಬ್ಬರ ಕೆಲಸದ ವ್ಯತ್ಯಾಸ ಆ ಚಿತ್ರದಲ್ಲಿ ಅಳಿಸಿಹೋಯಿತು.

ಮೊದಲನೆಯ ಅಫೀಮು ಯುದ್ಧದ ಕಾಲದಲ್ಲಿ, 1840ರಿಂದ 1842ರವರೆಗೆ, ಚೀನಾಕ್ಕೆ ಹೋಗಿಬಂದವರಿಗೆ ಕಿರೀಟ ತೊಟ್ಟ ಡ್ರ್ಯಾಗನ್ ಸಿಕ್ಕಿತು. ಸೋತ ಸಾಮ್ರಾಜ್ಯದ ಪ್ರಾಣಿಗೆ ಸಾಮ್ರಾಟನ ಕಿರೀಟ ತೊಡಿಸಿ ತನ್ನ ಸೈನಿಕನ ಎದೆಗೆ ಹಚ್ಚುವುದು ಶ್ರೀರಂಗಪಟ್ಟಣದ ಪದಕದ ಮನಸ್ಸೇ. ಮರುವರ್ಷ ಸಿಂಧ್‌ನಲ್ಲಿ ಚಾರ್ಲ್ಸ್ ನೇಪಿಯರ್ ಕೈಕೆಳಗೆ ಫೆಬ್ರವರಿ 17ರಂದು ಮಿಯಾನಿ ಕದನ, ಮಾರ್ಚ್ 24ರಂದು ಹೈದರಾಬಾದಿನದು. ರಣಗೌರವಗಳ ಪಟ್ಟಿಯಲ್ಲಿ ‘ಹೈದರಾಬಾದ್’ ಎಂದು ಕಂಡರೆ ಅದು ಸಿಂಧೂ ನದಿಯ ಹೈದರಾಬಾದ್, ಮೂಸಿ ದಡದ್ದಲ್ಲ. ಮೂಸಿ ದಡದ ಊರಿನಲ್ಲಿ ಮದರಾಸು ಎಂಜಿನಿಯರುಗಳು ಉಳಿಸಿದ ಗುರುತು ಬೇರೆ ಬಗೆಯದು: ಸ್ಯಾಮ್ಯುಯೆಲ್ ರಸೆಲ್‌ನ ರೆಸಿಡೆನ್ಸಿ, ಅದೇ ದಳದ ಜೇಮ್ಸ್ ಆಲಿಫೆಂಟ್ 1831ರಲ್ಲಿ ಮುಗಿಸಿದ ಚಾದರ್‌ಘಾಟ್ ಸೇತುವೆ. 1908ರ ಸೆಪ್ಟೆಂಬರ್ 28ರ ಮಹಾಪೂರದಲ್ಲಿ ಬೇಗಂ ಬಜಾರ್ ಸೇರಿದಂತೆ ದಡದ ಮೊಹಲ್ಲಾಗಳು ಕೊಚ್ಚಿಹೋದಾಗ ಮೂಸಿಯ ಸೇತುವೆಗಳಿಗೂ ಪೆಟ್ಟು ಬಿತ್ತು. 1578ರ ಪುರಾನಾಪುಲ್ ಮಾತ್ರ ಗಟ್ಟಿಯಾಗಿ ನಿಂತಿತು. ಆ ಹಳೆಯ ಸೇತುವೆಗೆ ರಣಗೌರವದ ಹಂಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಇಂಗ್ಲೆಂಡಿನ ಕಡೆ ನೋಡಬೇಕು. ಅಲ್ಲಿನ ರಾಯಲ್ ಎಂಜಿನಿಯರ್ಸ್ ದಳಕ್ಕೆ 1832ರಲ್ಲಿ ರಾಜ ನಾಲ್ಕನೆಯ ವಿಲಿಯಂ ‘ಉಬೀಕ್ವೆ’ ಎಂಬ ಲ್ಯಾಟಿನ್ ಮಾತನ್ನು ಕೊಟ್ಟ. ‘ಎಲ್ಲೆಡೆ’ ಎಂದು ಅರ್ಥ. ತೋಪುದಳಕ್ಕೂ ಅದೇ ಮಾತು ಸಿಕ್ಕಿತು. ಅಂದಿನಿಂದ ಆ ಎರಡು ದಳಗಳು ಕದನಗಳ ಹೆಸರುಗಳನ್ನು ಬಾವುಟದಲ್ಲಿ ಧರಿಸುವುದಿಲ್ಲ. ಎಲ್ಲ ಯುದ್ಧಗಳಲ್ಲೂ ಇದ್ದವರಿಗೆ ಪ್ರತ್ಯೇಕ ಪಟ್ಟಿ ಯಾಕೆ ಎಂಬ ವಿಚಾರ. ಭಾರತದ ಸ್ಯಾಪರ್‌ಗಳ ವಿಷಯದಲ್ಲಿ ಹೀಗಾಗಲಿಲ್ಲ. ಅಧಿಕಾರಿಗಳು ರಾಯಲ್ ಎಂಜಿನಿಯರ್ಸ್‌ನವರು, ಅವರ ಕಾಲರಿನ ಮೇಲೆ ಒಂಬತ್ತು ಜ್ವಾಲೆಗಳ ಗ್ರೆನೇಡು, ಜೊತೆಗೆ ‘ಎಲ್ಲೆಡೆ’ ಎಂಬ ಘೋಷ. ಜವಾನರ ದಳಕ್ಕೆ ಮಾತ್ರ ಕಾಲಾಳು ಪಡೆಯಂತೆ ಊರು ಊರಿನ ಲೆಕ್ಕ: ಜಾವಾ, ನಾಗಪುರ, ಮಹಿದ್‌ಪುರ, ಆವಾ, ಪರ್ಷಿಯಾ, ಲಖನೌ, ಮಧ್ಯ ಹಿಂದೂಸ್ತಾನ, ಅಬಿಸೀನಿಯಾ, ತೆಲ್ ಎಲ್ ಕೆಬೀರ್, ತೋಫ್ರೆಕ್, ತೀರಾ. ಒಂದೇ ಕಂದಕದಲ್ಲಿ ನಿಂತ ಇಬ್ಬರಿಗೆ ಎರಡು ಬಗೆಯ ಗೌರವ. ಇದು ಯಾರೋ ಮರೆತು ಮಾಡಿದ್ದಲ್ಲ. ಇಂಗ್ಲಿಷ್ ಎಂಜಿನಿಯರನ ನಿಷ್ಠೆಯನ್ನು ಸಹಜವೆಂದು ಬಗೆದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ದೇಶಿ ಸೈನಿಕನ ನಿಷ್ಠೆಯನ್ನು ಕದನಕದನಕ್ಕೂ ಬರೆದಿಡಬೇಕಿತ್ತು. ಈ ಎರಡು ಪದ್ಧತಿಗಳ ಜಗ್ಗಾಟವೇ ಈ ಲಾಂಛನಗಳ ಇಡೀ ಪ್ರಶ್ನೆಯ ತಿರುಳು ಎಂದು ನಾನು ನಂಬುತ್ತೇನೆ.

ಬೇರೆ ದೇಶಗಳವರು ಬೇರೆ ದಾರಿ ಹಿಡಿದರು. ಅಮೆರಿಕದ ಎಂಜಿನಿಯರ್ ದಳ 1840ರಲ್ಲಿ ಬುರುಜುಗಳಿರುವ ಕೋಟೆಯ ಚಿತ್ರವನ್ನು ಆರಿಸಿಕೊಂಡಿತು; ಕಟ್ಟುವವರ ಗುರುತು ಕಟ್ಟಿದ ವಸ್ತು. ಫ್ರೆಂಚರ ಎಂಜಿನಿಯರ್ ದಳದ ಗುರುತು ಉಕ್ಕಿನ ಎದೆಕವಚ ಮತ್ತು ಶಿರಸ್ತ್ರಾಣ. ಶತ್ರುವಿನ ಗೋಡೆಯ ಬುಡಕ್ಕೆ ತೆವಳುತ್ತ ಮಣ್ಣು ತೋಡುವವನು ಗುಂಡು ತಡೆಯಲು ತೊಡುತ್ತಿದ್ದದ್ದು ಅದನ್ನೇ. ಈ ಎರಡರಲ್ಲೂ ಕಸುಬು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿಯೂ ಪಯೋನಿಯರ್ ಪಲ್ಟಣಗಳಲ್ಲಿ ಉಪಕರಣಕ್ಕೆ ಜಾಗ ಸಿಕ್ಕಿತ್ತು. ಸಿಖ್ ಪಯೋನಿಯರರ ಬ್ಯಾಡ್ಜಿನಲ್ಲಿ ಚಕ್ರದ ಜೊತೆಗೆ ಅಡ್ಡಲಾಗಿ ಜೋಡಿಸಿದ ಎರಡು ಕೊಡಲಿಗಳಿದ್ದವು. ಈ ಪಯೋನಿಯರ್ ಪಲ್ಟಣಗಳು ಬಂದೂಕು ಹಿಡಿದು ಕಾದಾಡುತ್ತಲೇ ರಸ್ತೆ ಕಡಿಯುವವರು, ಸ್ಯಾಪರ್‌ಗಳಿಗಿಂತ ಬೇರೆ. 1933ರಲ್ಲಿ ಅವುಗಳನ್ನು ವಿಸರ್ಜಿಸಲಾಯಿತು, ಕೊಡಲಿಗಳೂ ಜೊತೆಗೆ ಹೋದವು. ಮದರಾಸು ಪಯೋನಿಯರರ ಸ್ಮಾರಕ ಸ್ತಂಭ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಇಂದಿಗೂ ಇದೆ. ದಿನಕ್ಕೆ ಸಾವಿರಾರು ಜನ ಅದನ್ನು ಬಳಸಿಕೊಂಡು ಹೋಗುತ್ತಾರೆ. ಅದು ಯಾರ ಸ್ಮಾರಕವೆಂದು ಓದಲು ನಿಲ್ಲುವವರು ವಿರಳ. ಮೊದಲ ಮಹಾಯುದ್ಧದಲ್ಲಿ ದೂರದ ನೆಲಗಳಲ್ಲಿ ದಾರಿ ಮಾಡುತ್ತ ಸತ್ತವರಿಗೆ ನಾವು ಅಷ್ಟಾದರೂ ಕೊಡಬೇಕು.

ಬೆಂಗಳೂರಿನ ದಂಡು ಪ್ರದೇಶವೇ ಒಂದು ಬಗೆಯಲ್ಲಿ ಹರಡಿಟ್ಟ ಬ್ಯಾಡ್ಜು. 1830ರ ದಶಕದಲ್ಲಿ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಹೆಸರು ಪಡೆದು ಬೆಂಗಳೂರಿಗೆ ಬಂದ ದಳ ಹಲಸೂರು ಕೆರೆಯ ಸುತ್ತ ಬೇರುಬಿಟ್ಟಿತು. ಅಸ್ಸಾಯೆ ರಸ್ತೆ, ಮಿಯಾನಿ ಅವೆನ್ಯೂ ಎಂಬ ಹೆಸರುಗಳು ರಣಗೌರವಗಳ ಪಟ್ಟಿಯಿಂದ ಇಳಿದು ಬೀದಿಗಳಾದವು. 1876ರಲ್ಲಿ ‘ಕ್ವೀನ್ಸ್ ಓನ್’ ಎಂಬ ಬಿರುದು, 1911ರಲ್ಲಿ ‘ಕ್ವೀನ್ ವಿಕ್ಟೋರಿಯಾಸ್ ಓನ್’. ಬ್ಯಾಡ್ಜಿ‌ನ ನಡುವೆ ಗಾರ್ಟರ್ ಪಟ್ಟಿಯೊಳಗೆ ವಿಕ್ಟೋರಿಯಾಳ ಹೆಸರಿನ ಹೆಣೆದ ಅಕ್ಷರಗಳು, ಮೇಲೆ ಕಿರೀಟ. ರಾಣಿ 1901ರಲ್ಲೇ ತೀರಿಕೊಂಡಿದ್ದಳು. ಅವಳ ಅಕ್ಷರಗಳು ಇನ್ನೂ ಅರ್ಧ ಶತಮಾನ ಹಲಸೂರಿನಲ್ಲಿ ಪರೇಡ್ ಮಾಡಿದವು. ಬ್ಯಾಡ್ಜಿಗಿಂತ ಹೆಚ್ಚು ಎದ್ದು ಕಾಣುವುದು ತಲೆಯುಡುಗೆ. ದುಪ್ತಾ ಎಂದು ಕರೆಯುವ, ನೇರ ನಿಂತ ಟೋಪಿಯಂಥ ಅದು ಈ ದಳದವರಿಗೇ ವಿಶಿಷ್ಟವಾದದ್ದು, ವಿಧ್ಯುಕ್ತ ಪರೇಡುಗಳಲ್ಲಿ ಉಳಿದುಬಂದಿದೆ. ಮದರಾಸು ಸ್ಯಾಪರ್ ಎಂದು ಬಲ್ಲವರು ದೂರದಿಂದಲೇ ಗುರುತಿಸುವುದು ಅದರಿಂದ, ಸ್ಫಿಂಕ್ಸಿನಿಂದಲ್ಲ. ಸೈನಿಕರು ತಮ್ಮವರನ್ನು ಕರೆಯುವುದಂತೂ ‘ತಂಬಿ’ ಎಂದು.

ಇದೇ ಬೆಂಗಳೂರಿನಲ್ಲಿ 1912ರಲ್ಲಿ ದಳದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಮುಳ್ಳುತಂತಿಯ ಬೇಲಿ ಸಿಡಿಸಲು ಉದ್ದ ಕೊಳವೆಗಳಲ್ಲಿ ಸಿಡಿಮದ್ದು ತುಂಬಿ, ತುಂಡಿಗೆ ತುಂಡು ಜೋಡಿಸಿ ಮುಂದಕ್ಕೆ ತಳ್ಳುವ ಸಾಧನ ರೂಪಿಸಿದ. ಬ್ಯಾಂಗಲೋರ್ ಟಾರ್ಪೆಡೊ ಎಂಬ ಹೆಸರಿನಿಂದ ಅದು ಎರಡು ಮಹಾಯುದ್ಧಗಳನ್ನು ಕಂಡಿತು. ನಾರ್ಮಂಡಿಯ ಕಡಲದಂಡೆಯಲ್ಲಿ ಅಮೆರಿಕದ ಸೈನಿಕರ ಬಾಯಲ್ಲೂ ನಮ್ಮ ಊರಿನ ಹೆಸರಿತ್ತು. ಯಾವ ಬ್ಯಾಡ್ಜಿಗೂ ಏರದೆ ಜಗತ್ತೆಲ್ಲ ತಿರುಗಿದ ಗುರುತು ಅದು.

ಲಾಂಛನಗಳ ಅಲೆದಾಟಕ್ಕೆ ಹೈದರಾಬಾದಿನದೇ ಇನ್ನೊಂದು ಉದಾಹರಣೆ ಇದೆ. ಅದು ಎಂಜಿನಿಯರುಗಳದ್ದಲ್ಲದಿದ್ದರೂ ಬಿಡಲಾಗದು. ಕೋಠಿಯ ರೆಸಿಡೆನ್ಸಿಯಲ್ಲಿ 1811ರಿಂದ 1820ರವರೆಗೆ ರೆಸಿಡೆಂಟ್ ಆಗಿದ್ದ ಹೆನ್ರಿ ರಸೆಲ್ ನಿಜಾಮರ ಖರ್ಚಿನಲ್ಲಿ ಕಟ್ಟಿದ ಪಡೆಗೆ ರಸೆಲ್ ಬ್ರಿಗೇಡ್ ಎಂದು ಹೆಸರಾಯಿತು. ಅದರಿಂದ ಹೈದರಾಬಾದ್ ಕಂಟಿಂಜೆಂಟ್, ಮುಂದೆ ಹೈದರಾಬಾದ್ ರೆಜಿಮೆಂಟ್, 1945ರಲ್ಲಿ ಕುಮಾವೂ ರೆಜಿಮೆಂಟ್. ಹೈದರಾಬಾದಿನ ಹೆಸರು ಹೋಯಿತು, ಜನ ಹಿಮಾಲಯದ ತಪ್ಪಲಿನವರಾದರು. ಆದರೆ ಇಂದಿಗೂ ಕುಮಾವೂ ಸೈನಿಕನ ಟೋಪಿಯ ಮೇಲಿರುವ ಶಿಲುಬೆ ಹಿಡಿದ ಅರ್ಧಸಿಂಹ ಹೆನ್ರಿ ರಸೆಲ್‌ನ ಮನೆತನದ ಲಾಂಛನದಿಂದ ಬಂದದ್ದು. 1947ರ ನವೆಂಬರಿನಲ್ಲಿ ಶ್ರೀನಗರದ ಬಡ್‌ಗಾಂನಲ್ಲಿ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮ ತೊಟ್ಟಿದ್ದು ಆ ಸಿಂಹವನ್ನೇ. ಒಂದು ಇಂಗ್ಲಿಷ್ ಮನೆತನದ ಖಾಸಗಿ ಗುರುತಿಗೆ ಅವರು ಕೊಟ್ಟ ಅರ್ಥ ಈಗ ಅದರ ಅರ್ಥ. ಹುಟ್ಟನ್ನು ಮಾತ್ರ ನೋಡಿ ಲಾಂಛನವನ್ನು ತೂಗಲು ಬರುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಸ್ವಾತಂತ್ರ್ಯ ಬಂದಾಗ ಸ್ಯಾಪರ್‌ಗಳ ಮುಂದಿದ್ದ ಕೆಲಸ ಎರಡು ಬಗೆಯದು. ಕಿರೀಟ ಇಳಿಸಿ ಅಶೋಕಸ್ತಂಭದ ಸಿಂಹಗಳನ್ನು ಕೂರಿಸುವುದು, ರಾಣಿಯ ಹೆಸರು ತೆಗೆದು ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದು ಬರೆಯುವುದು, ಲ್ಯಾಟಿನ್ ಘೋಷದ ಜಾಗಕ್ಕೆ ‘ಸರ್ವತ್ರ’ವನ್ನು ತರುವುದು ಸುಲಭದ ಪಾಲು. ಕಷ್ಟದ್ದು ಪಟ್ಟಿ. ಭಾರತೀಯರ ವಿರುದ್ಧವೇ ಕಾದಾಡಿ ಗಳಿಸಿದ ಹಳೆಯ ರಣಗೌರವಗಳನ್ನು ಗಣರಾಜ್ಯದ ಸೇನೆ ಹೇಸಿಕೆ ಹುಟ್ಟಿಸುವಂಥವು ಎಂಬ ವರ್ಗಕ್ಕೆ ಸೇರಿಸಿ, ಅವುಗಳ ಹೆಸರಿನಲ್ಲಿ ಉತ್ಸವ ಮಾಡದಿರುವ ನಿಲುವು ತಳೆಯಿತು. ಶ್ರೀರಂಗಪಟ್ಟಣ, ಅಸ್ಸಾಯೆ, ಮಹಿದ್‌ಪುರ, ಲಖನೌ ಅವುಗಳಲ್ಲಿ ಸೇರುತ್ತವೆ. ಇದು ಸರಿಯಾದ ತೀರ್ಮಾನ. ತುರ್ರೇಬಾಜ್ ಖಾನ್ ಜೀವ ತೆತ್ತ ಅದೇ ಹೋರಾಟದ ಲಖನೌ ಅಧ್ಯಾಯವನ್ನು ಸ್ವತಂತ್ರ ದೇಶದ ಸೈನಿಕ ಎದೆಯ ಮೇಲೆ ಹೊರಬೇಕಾಗಿಲ್ಲ. ಆದರೆ ಉತ್ಸವ ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ. ಆ ಪಯೋನಿಯರರು ನಮ್ಮ ಪಕ್ಕದ ಹಳ್ಳಿಗಳ ಬಡ ಜನ. ಯಾರ ಸಂಬಳಕ್ಕೆ ದುಡಿದರೆಂಬುದರ ಜೊತೆಗೆ ಹೇಗೆ ದುಡಿದರೆಂಬುದೂ ಚರಿತ್ರೆಯೇ. ಬೆಂಗಳೂರಿನ ಮದರಾಸು ಸ್ಯಾಪರ್ಸ್ ವಸ್ತುಸಂಗ್ರಹಾಲಯದಂಥ ಕಡೆ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಧೈರ್ಯ ಓದುಗರಲ್ಲೂ ನೋಡುಗರಲ್ಲೂ ಇರಬೇಕೆಂದು ನಾನು ಬಯಸುತ್ತೇನೆ.

ಪಟ್ಟಿಯ ಹೊರಗೆ ನಿಂತ ಗೌರವವೂ ಇದೆ. 1944ರ ಫೆಬ್ರವರಿ 24ರಂದು ಇಟಲಿಯ ಮಿಞಾನೋದಲ್ಲಿ ಮದರಾಸು ಸ್ಯಾಪರ್‌ಗಳ ಸುಬೇದಾರ್ ಸುಬ್ರಮಣ್ಯನ್ ನೆಲಬಾಂಬು ತೆಗೆಯುವ ಗುಂಪಿನಲ್ಲಿದ್ದರು. ಒಂದು ಬಾಂಬು ಸಿಡಿಯಲಿದ್ದ ಕ್ಷಣದಲ್ಲೇ ಅದರ ಮೇಲೆ ತಾವು ಬಿದ್ದು ಜೊತೆಗಿದ್ದವರನ್ನು ಉಳಿಸಿದರು. ಮರಣೋತ್ತರವಾಗಿ ಅವರಿಗೆ ಸಂದದ್ದು ಜಾರ್ಜ್ ಕ್ರಾಸ್. ಕಾದಾಟದ ಶೌರ್ಯಕ್ಕಿಂತ ಬೇರೆಯದಾದ ಧೈರ್ಯಕ್ಕೆಂದು ಇಟ್ಟ ಪದಕ ಅದು. ಸ್ಯಾಪರನ ಧೈರ್ಯದ ಜಾತಿಯನ್ನು ಆ ಒಂದು ಸಾರಿ ಗೌರವ ಕೊಟ್ಟವರು ಸರಿಯಾಗಿ ಗುರುತಿಸಿದರು.

ಕಸುಬೇ ಲಾಂಛನವಾಗಲು ಸಾಧ್ಯವಿಲ್ಲವೇ? ಯಂತ್ರಗಳ ಕಾಲದ ಎಂಜಿನಿಯರ್ ದಳಗಳು ಅದನ್ನು ಪ್ರಯತ್ನಿಸಿವೆ. ವಾಹನ, ತೋಪು, ರೇಡಿಯೋಗಳ ದುರಸ್ತಿಗೆಂದು ಬ್ರಿಟನ್ನಿನಲ್ಲಿ 1942ರಲ್ಲಿ ಹುಟ್ಟಿದ ದಳದ ಮೊದಲ ಬ್ಯಾಡ್ಜಿನ ನಡುವೆ ಅಳತೆಯ ಕೈವಾರವೇ ಇತ್ತು. ಐದೇ ವರ್ಷಕ್ಕೆ ಅದನ್ನು ಬಿಟ್ಟು, ಕೊರಳಿಗೆ ಸರಪಳಿ ಹಾಕಿದ ಕುದುರೆ, ಅದರ ಹಿಂದೆ ಮಿಂಚು, ಕಾಲಡಿ ಭೂಗೋಳ ಎಂಬ ಹೊಸ ಚಿತ್ರ ಬರೆಸಿದರು; ಕುದುರೆಶಕ್ತಿ ಹಿಡಿತದಲ್ಲಿದೆ ಎಂಬ ಭಾವ. ಕೈವಾರ ಅಂಗಡಿಯ ಬೋರ್ಡಿನಂತೆ ಕಂಡಿರಬೇಕು. ನನಗೆ ಮೊದಲನೆಯದೇ ಹೆಚ್ಚು ಪ್ರಾಮಾಣಿಕವಾದದ್ದು. ಭಾರತದಲ್ಲಿ ಇದೇ ಕೆಲಸದ ದಳ 1943ರ ಅಕ್ಟೋಬರ್ 15ರಂದು ಆರಂಭವಾಯಿತು. ಅದರ ದೊಡ್ಡ ಕಾಲೇಜು ಸಿಕಂದರಾಬಾದಿನ ತಿರುಮಲಗಿರಿಯಲ್ಲಿದೆ, ಬೇಗಂ ಬಜಾರಿನಿಂದ ಊರಿನ ಇನ್ನೊಂದು ತುದಿಗೆ. ಘೋಷವಾಕ್ಯ ‘ಕರ್ಮ್ ಹೀ ಧರ್ಮ್’. ಊರಿನ ಹೆಸರಿಲ್ಲ, ಗೆಲುವಿನ ಹೆಸರಿಲ್ಲ, ಒಡೆಯನ ಹೆಸರಿಲ್ಲ, ಕೆಲಸ ಇದೆ.

ಸ್ಯಾಪರ್‌ಗಳ ‘ಸರ್ವತ್ರ’ವೂ ಈಚೆಗೆ ಬ್ಯಾಡ್ಜಿನಿಂದ ಕೆಳಗಿಳಿದು ಕೆಲಸಕ್ಕೆ ಸೇರಿದೆ. ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿ, ಬೆಂಗಳೂರಿನ ಬಿಇಎಂಎಲ್ ತಯಾರಿಸಿದ ಸಂಚಾರಿ ಸೇತುವೆಗೆ ಇಟ್ಟಿರುವ ಹೆಸರು ಸರ್ವತ್ರ. ಲಾರಿಯ ಬೆನ್ನ ಮೇಲೆ ಕತ್ತರಿಯಂತೆ ಮಡಿಸಿಟ್ಟ ಒಂದೊಂದು ತುಂಡು ಬಿಚ್ಚಿದರೆ 15 ಮೀಟರ್. ಐದು ಲಾರಿಗಳು ಒಂದರ ಬಾಯಿಗೆ ಒಂದು ಜೋಡಿಸಿದರೆ 75 ಮೀಟರ್ ಅಗಲದ ಹೊಳೆಯನ್ನು ಟ್ಯಾಂಕು ದಾಟಬಹುದು. ರೇಮಂಡನ ಗುಂಡಿಯಿಂದ ಹಿಡಿದು ವಿಕ್ಟೋರಿಯಾಳ ಅಕ್ಷರಗಳವರೆಗೆ ನಾನಿಲ್ಲಿ ನೋಡಿದ ಹೆಚ್ಚಿನ ಗುರುತುಗಳನ್ನು ಯಾರೋ ಮೇಲಿನವರು ಕೊಟ್ಟರು, ಯಾರನ್ನೋ ಗೆದ್ದದ್ದಕ್ಕೆ ಅಥವಾ ಯಾರಿಗೋ ಸೇರಿದ್ದಕ್ಕೆ ಕೊಟ್ಟರು. ಘೋಷವಾಕ್ಯವನ್ನು ಹೀಗೆ ಉಕ್ಕಿನ ಮೇಲೆ ಬರೆದವರು ಕೊನೆಗೂ ಅದನ್ನು ಸ್ಯಾಪರನ ಕೈಯ ಉಪಕರಣಕ್ಕೆ ಕೊಟ್ಟಿದ್ದಾರೆ.